ಮಳೆ ಬಂದರೆ ಆಟ ಇಲ್ಲ

ಸೆಪ್ಟೆಂಬರ್ ೭

ಚಿಕ್ಕಮ್ಮ,

ಈ ಪತ್ರವನ್ನು ಬೇಕೆಂದೇ ನಿನ್ನ ಡ್ರೈವಿಂಗ್ ಸ್ಕೂಲಿನ ವಿಳಾಸಕ್ಕೆ ಹಾಕಿದ್ದೇನೆ. ಮನೆಗೆ ಹಾಕಿದರೆ ಅಮ್ಮ ಒಡೆದು ಓದುತ್ತಾಳೆ. ಫೋನ್ ಮಾಡಿದರೆ ಸ್ಪೀಕರ್ ಆನ್ ಮಾಡಿ ಮೇಜಿನ ಮೇಲಿಟ್ಟು, ನಾನು ಏನೋ ಹೇಳುತ್ತಿರುವಾಗ ಕುಕ್ಕರ್ ಆರಿಸಲು ಹೋಗುತ್ತಾಳೆ. ನೀನು ಪಾಠದ ಕಾರಿನಲ್ಲೇ ಕೂತು ಓದು.

ರೂಮು ಪರವಾಗಿಲ್ಲ. ಕಿಟಕಿ ತೆರೆದರೆ ಬಾಗಿಲು ತಾನಾಗಿ ಹಾಕಿಕೊಳ್ಳುತ್ತದೆ, ಬಾಗಿಲು ತೆರೆದರೆ ಕಿಟಕಿ. ಪಕ್ಕದ ಮಂಚದವಳು ಗಣಿತ ಓದಿ ಬಂದವಳು, ನಿದ್ದೆಯಲ್ಲೂ 'ಆದ್ದರಿಂದ' ಅನ್ನುತ್ತಾಳೆ. ಆದ್ದರಿಂದ ಏನು ಅಂತ ಇದುವರೆಗೆ ಹೇಳಿಲ್ಲ.

ಕೃತಕ ಬುದ್ಧಿಮತ್ತೆಯ ತತ್ವಶಾಸ್ತ್ರ ಮತ್ತು ತರ್ಕ ಅಂದರೆ ಕೊನೆಗೂ ಏನು ಅಂತ ಕೇಳಿದ್ದೆಯಲ್ಲ. ಬೇಸಿಕಲಿ, ಯಂತ್ರ ಉತ್ತರ ಕೊಡುತ್ತದೆ, ಸರಿ. ಆದರೆ ಅದಕ್ಕೆ ತಾನು ಹೇಳಿದ್ದು ಅರ್ಥವಾಗಿದೆಯೇ? ಇಷ್ಟನ್ನು ಎರಡು ವರ್ಷ ಕೇಳುತ್ತೇವೆ. ಅಮ್ಮ ರೈಲು ಹೊರಡುವ ಹೊತ್ತಿಗೂ ಹೇಳಿದಳು: "ನಮ್ಮ ಲ್ಯಾಬಿನ ಮಷೀನು ರಕ್ತ ಹಾಕಿದ್ರೆ ಸಕ್ಕರೆ ಎಷ್ಟಿದೆ ಅಂತ ಹೇಳುತ್ತೆ. ಸಕ್ಕರೆ ಅಂದ್ರೇನು ಅಂತ ನಿಂಗೆ ಗೊತ್ತಾ ಅಂತ ಯಾವ ಪೇಷೆಂಟೂ ಅದನ್ನ ಕೇಳಿಲ್ಲ." ಇದಕ್ಕೆ ನನ್ನ ಬಳಿ ಇನ್ನೂ ಉತ್ತರ ಇಲ್ಲ. ಮೇಷ್ಟ್ರ ಬಳಿಯೂ ಇದ್ದ ಹಾಗಿಲ್ಲ.

ಮೇಷ್ಟ್ರ ಹೆಸರು 'ಅಂದರೆ'. ಎಲ್ಲರೂ ಹಾಗೇ ಕರೆಯುವುದು. ಏನು ಹೇಳಿದರೂ "ಅಂದರೆ?" ಅನ್ನುತ್ತಾರೆ. ಮೊನ್ನೆ ಮೆಟ್ಟಿಲ ಮೇಲೆ ಸಿಕ್ಕರು, ಗುಡ್ ಮಾರ್ನಿಂಗ್ ಸಾರ್ ಅಂದೆ. ಅದಕ್ಕೂ "ಅಂದರೆ?" ಅಲ್ಲೇ ನಿಂತು ಒಳ್ಳೆಯದು ಎಂದರೇನು, ಬೆಳಿಗ್ಗೆ ಎಂದರೇನು ಅಂತ ಹೇಳಿ ಕ್ಲಾಸಿಗೆ ಲೇಟಾದೆ. ಇಡೀ ವಿಭಾಗದಲ್ಲಿ ನನ್ನ ಮಾತಿಗೆ ತಲೆಯಾಡಿಸುವವನು ಹೌದಪ್ಪ ಒಬ್ಬನೇ. ದಿನಾ ಸಂಜೆ ಅವನ ಜೊತೆಗೇ ಕೂರುತ್ತೇನೆ.

ಟೆನ್ಷನ್ ಇರುವುದು ಒಂದೇ. ನವೆಂಬರಿನಲ್ಲಿ ರಿವ್ಯೂ. ಐವರು ಮೇಷ್ಟ್ರು ಎದುರಿಗೆ ಕೂತು ನನ್ನ ಕೆಲಸ ನೋಡುತ್ತಾರೆ. ಒಪ್ಪಿದರೆ ಮುಂದುವರಿಯುವುದು, ಇಲ್ಲದಿದ್ದರೆ ಗಂಟುಮೂಟೆ. ಅಮ್ಮ ಲ್ಯಾಬಿನ ಕೌಂಟರಿನಲ್ಲಿ ನನಗೆ ಅಂತ ಕುರ್ಚಿ ಖಾಲಿ ಇಟ್ಟುಕೊಂಡೇ ಕಾಯುತ್ತಿದ್ದಾಳೆ. ಪಾಸಾದರೆ ಡಿಸೆಂಬರ್ ರಜೆಗೆ ಊರಿಗೆ ಬರುತ್ತೇನೆ. ಅಮ್ಮನಿಗೆ ಇಷ್ಟು ಮಾತ್ರ ಹೇಳು.

ನಿನ್ನ
ಕಡ್ಡಿ

ಸೆಪ್ಟೆಂಬರ್ ೧೫

ಕಡ್ಡಿ,

ನಿನ್ನ ಪತ್ರವನ್ನು ಕೆಂಪು ದೀಪದ ಹತ್ತಿರ ಓದುತ್ತಿದ್ದೆ. ಸ್ಟೀರಿಂಗ್ ಹಿಡಿದಿದ್ದ ದರ್ಜಿ ದೀಪ ಹಸಿರಾದರೂ ಗಾಡಿ ಎತ್ತಲಿಲ್ಲ. ಯಾಕಯ್ಯಾ ಅಂದರೆ, "ನೀವು ಓದಿ ಮುಗಿಸ್ಲಿ ಅಂತ ಮೇಡಂ" ಅಂದ. ಹಿಂದಿನಿಂದ ಊರಿಗೆ ಊರೇ ಹಾರ್ನ್ ಹೊಡೆಯಿತು.

ನೇರವಾಗಿ ಕೇಳುತ್ತೇನೆ. ಈ ಹೌದಪ್ಪ ಯಾರು? ಅವನ ಅಪ್ಪ ಏನು ಮಾಡುತ್ತಾನೆ? ಹೇಳಿದ್ದಕ್ಕೆಲ್ಲ ಹೌದು ಅನ್ನುವ ಹುಡುಗ ಮೊದಮೊದಲು ಬಹಳ ಚೆನ್ನಾಗಿರುತ್ತಾನೆ ಮಗಾ. ನಿನ್ನ ಚಿಕ್ಕಪ್ಪನೂ ಮೊದಲ ವರ್ಷ ಹಾಗೇ ಇದ್ದ. ದಿನಾ ಸಂಜೆ ಕೂರುತ್ತೇನೆ ಅಂದರೆ ಎಲ್ಲಿ ಕೂರುತ್ತೀಯ? ನಿಮ್ಮಮ್ಮನ ಮುಂದೆ ನಾನು ಬಾಯಿ ಬಿಟ್ಟಿಲ್ಲ. ಆದರೆ ತತ್ವಶಾಸ್ತ್ರ ಓದಲಿ ಬಿಡೇ ಅಕ್ಕ ಅಂತ ಅವಳ ಎದುರು ನಿಂತು ಜಗಳ ಆಡಿದವಳು ನಾನು. ನಾಳೆ ಹೆಚ್ಚುಕಡಿಮೆ ಆದರೆ ಅವಳು ನಿನಗಿಂತ ಮೊದಲು ನನ್ನ ಗ್ರಹಚಾರ ಬಿಡಿಸುತ್ತಾಳೆ.

ಪಾಸಾದರೆ ಬರುತ್ತೀಯ ಅಂತ ಹೇಳಿದ್ದೇನೆ. ಅಂದಿನಿಂದ ಕ್ಯಾಲೆಂಡರ್ ಮುಂದೆ ನಿಂತು ಡಿಸೆಂಬರ್ ಹಾಳೆಯನ್ನು ಎತ್ತಿ ನೋಡುತ್ತಾಳೆ, ನಾನು ಬಂದರೆ ಕೆಳಗೆ ಬಿಡುತ್ತಾಳೆ.

ಚಿಕ್ಕಮ್ಮ

ಸೆಪ್ಟೆಂಬರ್ ೨೨

ಚಿಕ್ಕಮ್ಮ,

ಹೌದಪ್ಪ ಹುಡುಗನಲ್ಲ. ಅದು ಕಂಪ್ಯೂಟರ್ ಪ್ರೋಗ್ರಾಂ. ಹಿಂದಿನ ಬ್ಯಾಚಿನವರು ಮಾಡಿಟ್ಟು ಹೋದದ್ದು. ಪ್ರಶ್ನೆ ಹಾಕಿದರೆ ಉತ್ತರ ಕೊಡುತ್ತದೆ, ಸ್ವಲ್ಪ ಗದರಿಸಿ ಕೇಳಿದರೆ ಎಲ್ಲದಕ್ಕೂ ಹೌದು ಅನ್ನುತ್ತದೆ, ಅದಕ್ಕೇ ಆ ಹೆಸರು. ಮೊದಲ ವರ್ಷದವರೆಲ್ಲ ಅದನ್ನು ಮಾತಾಡಿಸಿ, ಅದರ ಒಂದು ತಪ್ಪು ಹಿಡಿದು, ಆ ತಪ್ಪಿಗೆ ಅರ್ಥ ಹೇಳಬೇಕು. ಅದು ಇಲ್ಲಿನ ಪದ್ಧತಿ. ಚಿಕ್ಕಪ್ಪನ ವಿಷಯ ನನಗೆ ಬೇಡವಾಗಿತ್ತು.

ಗುಡ್ ನ್ಯೂಸ್, ನನಗೆ ತಪ್ಪು ಸಿಕ್ಕಿದೆ. ನಾನು ಹೀಗೆ ಕೇಳಿದೆ: 'ಮಳೆ ಬಂದರೆ ಆಟ ಇಲ್ಲ. ಮಳೆ ಬಂದಿಲ್ಲ. ಆಟ ಇದೆಯೇ?' ಹೌದಪ್ಪ ತಕ್ಷಣ ಆಟ ಇದೆ ಅಂದಿತು. ಇದು ತಪ್ಪು. ಮಳೆ ಬಂದರೆ ಏನಾಗುತ್ತದೆ ಅಂತ ಮಾತ್ರ ಹೇಳಿದ್ದೇನೆ. ಬರದಿದ್ದರೆ ಏನು ಅಂತ ನಾನು ಹೇಳೇ ಇಲ್ಲ. ಚೆಂಡು ಕಳೆದಿರಬಹುದು, ಆಟಗಾರರಿಗೆ ಜ್ವರ ಬಂದಿರಬಹುದು. ಸರಿಯಾದ ಉತ್ತರ 'ಹೇಳಲಾಗದು' ಅಷ್ಟೇ.

'ಅಂದರೆ' ಮೇಷ್ಟ್ರು ಕೇಳಿದ್ದು: ಮನುಷ್ಯರೂ ಇದೇ ತಪ್ಪು ಮಾಡುತ್ತಾರೋ, ಇಲ್ಲ ಯಂತ್ರ ಮಾತ್ರವೋ? ಮನುಷ್ಯರೂ ಮಾಡಿದರೆ, ಇದು ತಪ್ಪನ್ನೂ ನಮ್ಮಿಂದಲೇ ಕಲಿತಿದೆ ಅನ್ನಬಹುದು. ಅದಕ್ಕೆ ನನಗೆ ಮನುಷ್ಯರು ಬೇಕು ಚಿಕ್ಕಮ್ಮ. ಈ ಹಾಸ್ಟೆಲಿನಲ್ಲಿ ಮನುಷ್ಯರಿಲ್ಲ, ಎಲ್ಲರೂ ಲಾಜಿಕ್ ಓದಿದವರು. ಪಕ್ಕದ ಮಂಚದವಳನ್ನು ಕೇಳಿದರೆ ಮಳೆ ಅಂದರೆ ಎಷ್ಟು ಮಳೆ ಅಂದಳು.

ನಿನ್ನ ಹತ್ತಿರ ಕಾರು ಕಲಿಯುವವರು ಇದ್ದಾರಲ್ಲ, ಅವರನ್ನು ಕೇಳು. ಹತ್ತೊಂಬತ್ತು ಚೀಟಿ ಇಟ್ಟಿದ್ದೇನೆ. ಒಬ್ಬೊಬ್ಬರಿಗೂ ಒಂದೊಂದು, ಅವರೇ ಬರೆಯಲಿ. ನೀನು ಏನೂ ಹೇಳಿಕೊಡಬೇಡ, ಪ್ಲೀಸ್. ನನ್ನ ರಿವ್ಯೂ ನಿಂತಿರುವುದೇ ಇದರ ಮೇಲೆ.

ಕಡ್ಡಿ

ಅಕ್ಟೋಬರ್ ೨೦

ಕಡ್ಡಿ,

ತಡವಾಯಿತು ಅಂತ ಮುಖ ಊದಿಸಿಕೊಳ್ಳಬೇಡ. ಕಾರಿನ ಕ್ಲಚ್ ಪ್ಲೇಟು ಹೋಗಿತ್ತು, ಆಮೇಲೆ ನನಗೆ ನೆಗಡಿ, ಆಮೇಲೆ ಇನ್ನೇನೋ.

ಎಲ್ಲರ ಉತ್ತರ ಬಂದಿದೆ. ಪಾಠ ಮುಗಿಸಿದವರ ಕೈ ನಡುಗುತ್ತದಲ್ಲ, ಅವರ ಅಕ್ಷರ ನಿನಗೆ ಓದಲಾಗುವುದಿಲ್ಲ ಅಂತ ನಾನೇ ಎಲ್ಲವನ್ನೂ ಒಂದೇ ಹಾಳೆಯಲ್ಲಿ ನೀಟಾಗಿ ಬರೆದಿದ್ದೇನೆ. ಚೀಟಿಗಳನ್ನು ಕೇಳಬೇಡ, ಅವು ಎಲ್ಲೋ ಹೋದವು.

ದರ್ಜಿ: ಆಟ ಇದೆ.

ಹಲ್ಲಿನ ಡಾಕ್ಟರು: ಆಟ ಇದೆ ಬಿಡು ತಾಯಿ. ಇಲ್ಲದಿದ್ದರೆ ಮಳೆಯ ಸುದ್ದಿ ಯಾಕೆ ಎತ್ತಬೇಕಿತ್ತು? ಖಾಲಿ ರಸ್ತೆಯಲ್ಲಿ ಹಾರ್ನ್ ಹೊಡೆದ ಹಾಗೆ.

ನಿವೃತ್ತ ಪೋಸ್ಟ್‌ಮಾಸ್ಟರ್: ಆಟ ಇದೆ ಬಿಡು ತಾಯಿ. ದಾರಿ ಬಿಡುವಾಗಿದ್ದರೂ ಬ್ರೇಕಿನ ಮೇಲೆ ಕಾಲಿಟ್ಟು ಕೂರುವವರಿಗೆ ಏನನ್ನಬೇಕು?

ಸಂಗೀತದ ಟೀಚರ್: ಆಟ ಇದೆ ಬಿಡು ತಾಯಿ. ಅನುಮಾನ ಇದ್ದವರು ಒಂದು ಸಲ ಕನ್ನಡಿ ನೋಡಿಕೊಳ್ಳಲಿ.

ಉಳಿದವರದೂ ಹೀಗೆಯೇ, ಹಿಂಬದಿಯಲ್ಲಿದೆ. ಎಲ್ಲರೂ ಆಟ ಇದೆ ಅಂದರು, ಒಬ್ಬರೂ ತಪ್ಪಿಸಲಿಲ್ಲ. ನನ್ನನ್ನು ಕೇಳಿದರೆ ಆ ಹೌದಪ್ಪ ಹೇಳಿದ್ದೇ ಸರಿ. ಮದುವೆಗೆ ಕರೆದರೆ ಬರುತ್ತೇನೆ ಅಂದವನು ಕರೆಯದಿದ್ದರೂ ಬಂದು ಊಟಕ್ಕೆ ಕೂತರೆ ನೀನು ಅವನ ಲಾಜಿಕ್ ಮೆಚ್ಚುತ್ತೀಯಾ?

ಚಿಕ್ಕಮ್ಮ

ಅಕ್ಟೋಬರ್ ೨೮

ಮೈ ಡಿಯರ್ ಚಿಕ್ಕಮ್ಮ,

ನೀನು ನನ್ನ ಪಾಲಿನ ದೇವತೆ. ಹತ್ತೊಂಬತ್ತಕ್ಕೆ ಹತ್ತೊಂಬತ್ತು. ಇಂಥ ರಿಸಲ್ಟ್ ಪುಸ್ತಕದಲ್ಲೂ ಇರುವುದಿಲ್ಲ ಅಂತ ಪಕ್ಕದ ಮಂಚದವಳು ಹೇಳಿದಳು. ಅವಳ ಮುಖದಲ್ಲಿ ಇದ್ದದ್ದು ಹೊಟ್ಟೆಕಿಚ್ಚು ಅಂತ ಕಾಣುತ್ತದೆ.

ನಿನ್ನ ಕಲಿಯುವವರು ಎಷ್ಟು ಜೀವಂತವಾಗಿ ಮಾತಾಡುತ್ತಾರೆ. ಎಲ್ಲರೂ ಬ್ರೇಕು, ಕ್ಲಚ್ಚು, ಕನ್ನಡಿ ಅನ್ನುತ್ತಾರೆ ನೋಡು. ಮನುಷ್ಯ ಏನು ಕಲಿಯುತ್ತಿರುತ್ತಾನೋ ಅದರಲ್ಲೇ ಯೋಚಿಸುತ್ತಾನೆ ಅಂತ ಇದರ ಮೇಲೆಯೇ ಬೇರೆ ಒಂದು ಅಧ್ಯಾಯ ಬರೆದುಬಿಟ್ಟಿದ್ದೇನೆ. ಪ್ರಬಂಧದ ಹೆಸರು 'ನಿಜವಾದ ಮನುಷ್ಯರು, ನಿಜವಾದ ತಪ್ಪು'.

ಹಲ್ಲಿನ ಡಾಕ್ಟರಿಗೆ ನನ್ನ ವಿಶೇಷ ಥ್ಯಾಂಕ್ಸ್ ಹೇಳು. ಅವರನ್ನು ಮೂರು ಕಡೆ ಉದ್ಧರಿಸಿದ್ದೇನೆ.

ಕಡ್ಡಿ

ನವೆಂಬರ್ ೨೪

ಪ್ರೀತಿಯ ಚಿಕ್ಕಮ್ಮನವರಿಗೆ,

ನಾನು ಇಲ್ಲಿ ಚೆನ್ನಾಗಿದ್ದೇನೆ. ಊಟ ಚೆನ್ನಾಗಿದೆ. ಹವಾಮಾನ ಚೆನ್ನಾಗಿದೆ. ರಜೆಯಲ್ಲಿ ಲೈಬ್ರರಿಯಲ್ಲಿ ಓದುವುದು ಇರುವುದರಿಂದ ಬರಲು ಆಗುವುದಿಲ್ಲ. ಎಲ್ಲರನ್ನೂ ಕೇಳಿದೆನೆಂದು ತಿಳಿಸುವುದು.

ಇತಿ ನಿಮ್ಮ ವಿಧೇಯ

ನವೆಂಬರ್ ೩೦

ಕಡ್ಡಿ,

ಮೂರು 'ಚೆನ್ನಾಗಿದೆ' ಬಂದಾಗಲೇ ಏನೋ ಆಗಿದೆ ಅಂತ ಗೊತ್ತಾಯಿತು. ನೀನು ಹಾಸ್ಟೆಲ್ ಶಾಲೆಯಲ್ಲಿದ್ದಾಗ ವಾರ್ಡನ್ ಓದಿ ಅಂಟಿಸುತ್ತಿದ್ದ ನಿನ್ನ ಪತ್ರಗಳೂ ಹೀಗೇ ಇರುತ್ತಿದ್ದವು. ಒಂದು ಸಲ ಇದೇ ಮೂರು ಸಾಲು ಬರೆದಿದ್ದೆ. ನಾನು ಬಂದು ನೋಡಿದರೆ ಮಂಗನಬಾವು ಬಂದು ನಿನ್ನ ಮುಖ ಕುಂಬಳಕಾಯಿ ಆಗಿತ್ತು. ಈಗ ಓದಲು ವಾರ್ಡನ್ ಇಲ್ಲ. ನಾನೊಬ್ಬಳೇ ಇರುವುದು. 'ಚಿಕ್ಕಮ್ಮನವರಿಗೆ' ಅಂತೆ, 'ವಿಧೇಯ' ಅಂತೆ. ಯಾವ ಕಚೇರಿಗೆ ಅರ್ಜಿ ಹಾಕಿದೆ?

ಕಡ್ಡಿ ಮುರಿದ ಹಾಗೆ ಹೇಳು, ಏನಾಯಿತು?

ಚಿಕ್ಕಮ್ಮ

ಡಿಸೆಂಬರ್ ೫

ಚಿಕ್ಕಮ್ಮ,

ಪಾಸಾಗಲಿಲ್ಲ.

ಮೊದಲಿಗೆ ಚೆನ್ನಾಗಿಯೇ ನಡೆಯಿತು. 'ಅಂದರೆ' ಮೇಷ್ಟ್ರು ಕನ್ನಡಕ ಹಾಕಿಕೊಂಡು ನಿನ್ನ ಹಾಳೆಯನ್ನು ಓದಿದರು, ಗಟ್ಟಿಯಾಗಿ, ಒಂದೊಂದಾಗಿ. ಆಟ ಇದೆ ಬಿಡು ತಾಯಿ. ಆಟ ಇದೆ ಬಿಡು ತಾಯಿ. ಐದನೆಯದಕ್ಕೆ ನನ್ನ ಕಿವಿ ಬಿಸಿಯಾಯಿತು. ಇಷ್ಟು ದಿನ ನಾನು ಅವನ್ನು ಮನಸ್ಸಿನಲ್ಲೇ ಓದಿದ್ದೆ, ಕಿವಿಯಲ್ಲಿ ಕೇಳಿರಲಿಲ್ಲ. ಎಂಟನೆಯದಕ್ಕೆ ಅವರು ತಲೆ ಎತ್ತಿ ಕೇಳಿದರು: "ಹಲ್ಲಿನ ಡಾಕ್ಟರೂ ಪೋಸ್ಟ್‌ಮಾಸ್ಟರೂ ನಿನ್ನನ್ನ ತಾಯಿ ಅಂತಾರಾ?"

ಅದು ಗೌರವ ಸಾರ್ ಅಂದೆ. "ಅಂದರೆ?" ಅಂದರು.

ಇವು ಮನುಷ್ಯರು ಬರೆದ ಹಾಗಿಲ್ಲ, ಹುಡುಗಿ ಯಾವುದೋ ಯಂತ್ರದಿಂದ ಬರೆಸಿ ಮನುಷ್ಯರ ಹೆಸರು ಹಾಕಿದ್ದಾಳೆ ಅಂತ ಅವರ ಪಕ್ಕ ಕೂತಿದ್ದ ಮೇಷ್ಟ್ರು ಹೇಳಿದರು. ದರ್ಜಿಯ ಉತ್ತರ ಯಂತ್ರ ಸುಸ್ತಾದಾಗ ಬರೆದದ್ದು ಇರಬೇಕು ಅಂತ ಇನ್ನೊಬ್ಬರು. ಅನುಮಾನವೇಕೆ, ಕೇಳಿಯೇ ಬಿಡೋಣ ಅಂತ ಹೌದಪ್ಪನಿಗೆ ಹಾಳೆ ಹಾಕಿ, ಇದು ಯಂತ್ರ ಬರೆದದ್ದೇ ಅಂತ ಕೇಳಿದರು. ಹೌದು ಅಂದಿತು. ನಾನು ಅಳುತ್ತಲೇ ಎದ್ದು ಹೋಗಿ, ಇದು ಮನುಷ್ಯರು ಬರೆದದ್ದೇ ಅಂತ ಹಾಕಿದೆ. ಅದಕ್ಕೂ ಹೌದು ಅಂದಿತು. ಯಾರೂ ನಗಲಿಲ್ಲ.

ಈಗ ನನ್ನ ಮೇಲಿರುವುದು ದಡ್ಡಿ ಅನ್ನುವ ಆರೋಪ ಅಲ್ಲ, ಮೋಸ ಮಾಡಿದ್ದೇನೆ ಅನ್ನುವುದು. ರಜೆ ಮುಗಿಯುವುದರೊಳಗೆ ಈ ಉತ್ತರಗಳು ಮನುಷ್ಯರವು ಅಂತ ತೋರಿಸಬೇಕು, ಇಲ್ಲದಿದ್ದರೆ ಹೊರಗೆ. ನಿಜವಾದ ಮನುಷ್ಯರನ್ನು ನಿಜವಾದ ಮನುಷ್ಯರು ಅಂತ ಹೇಗೆ ತೋರಿಸುವುದು ಚಿಕ್ಕಮ್ಮ? ಅದನ್ನೇ ಕಲಿಯಲು ಅಲ್ಲವೇ ನಾನು ಇಲ್ಲಿಗೆ ಬಂದದ್ದು?

ಡಾಕ್ಟರು, ಪೋಸ್ಟ್‌ಮಾಸ್ಟರು ಒಂದೊಂದು ಸಾಲು ಬರೆದು ಸಹಿ ಹಾಕಿ ಕೊಟ್ಟರೆ ಸಾಕು. ಕೇಳುತ್ತೀಯಾ? ಅಮ್ಮನಿಗೆ ಮಾತ್ರ ಹೇಳಬೇಡ.

ಕಡ್ಡಿ

ಡಿಸೆಂಬರ್ ೧೧

ಕಡ್ಡಿ,

ಡಾಕ್ಟರು ಸಹಿ ಹಾಕುವುದಿಲ್ಲ. ಅವರು ಬರೆದಿಲ್ಲ.

ಒಬ್ಬರೂ ಬರೆದಿಲ್ಲ ಮಗಾ. ದರ್ಜಿ ಒಬ್ಬನೇ ಬರೆದದ್ದು, ಅದೂ ಇಂಡಿಕೇಟರ್ ಯಾವ ಕಡೆಗೆ ಹಾಕಲಿ ಅಂತ ಕೇಳುತ್ತಾ. ಉಳಿದದ್ದೆಲ್ಲ ನಾನು.

ಚೀಟಿಗಳನ್ನು ನೀನು ಹೇಳಿದ ಹಾಗೇ ಕೊಟ್ಟೆ. ಡಾಕ್ಟರು ಇದು ಲೈಸೆನ್ಸ್ ಪರೀಕ್ಷೆಗೆ ಬರುತ್ತಾ ಅಂತ ಕೇಳಿದರು. ಇಲ್ಲ ಅಂದೆ, ನಂಬಲಿಲ್ಲ. ಸುದ್ದಿ ಹಬ್ಬಿತು. ಸಂಗೀತದ ಟೀಚರ್ ಗಂಡನನ್ನು ಕೇಳಿ ಬರೆಯುತ್ತೇನೆ ಅಂತ ಚೀಟಿಯನ್ನು ಬ್ಯಾಗಿಗೆ ಹಾಕಿಕೊಂಡವರು ಮೂರು ದಿನ ಪಾಠಕ್ಕೇ ಬರಲಿಲ್ಲ. ಪೋಸ್ಟ್‌ಮಾಸ್ಟರು ಇದನ್ನು ಬರೆದರೆ ತಮ್ಮ ಪಿಂಚಣಿಗೆ ತೊಂದರೆಯಾಗುತ್ತದೋ ಅಂತ ವಿಚಾರಿಸಿದರು. ಇತ್ತ ನೀನು ರಿವ್ಯೂ ನಿಂತಿರುವುದೇ ಇದರ ಮೇಲೆ ಅಂತ ಬರೆದಿದ್ದೆ. ನಾನೇನು ಮಾಡಲಿ? ಇವರೆಲ್ಲ ದಿನಾ ನನ್ನ ಪಕ್ಕದ ಸೀಟಿನಲ್ಲಿ ಕೂತು ಬೆವರುವವರು. ಯಾರ ಬಾಯಲ್ಲಿ ಏನು ಬರುತ್ತದೆ ಅಂತ ನನಗೆ ಗೊತ್ತಿಲ್ಲವೇ ಅಂದುಕೊಂಡು, ಒಬ್ಬೊಬ್ಬರನ್ನೇ ಕಣ್ಣ ಮುಂದೆ ತಂದುಕೊಂಡು ಬರೆದೆ. ಡಾಕ್ಟರದು ಬರೆಯುವಾಗ ಹಲ್ಲು ಕಚ್ಚಿಕೊಂಡು ಬರೆದೆ. ನಾಲ್ಕು ಸಂಜೆ ಹಿಡಿಯಿತು. ಒಬ್ಬರ ಹಾಗೆ ಇನ್ನೊಬ್ಬರು ಆಗದಿರಲಿ ಅಂತ ಎಷ್ಟು ಕಷ್ಟಪಟ್ಟೆ ಅಂತ ನಿನಗೇನು ಗೊತ್ತು. 'ತಾಯಿ' ಅನ್ನುವುದು ಅಷ್ಟು ಸಲ ನುಸುಳಿದ್ದು ನನಗೆ ಕಾಣಲೇ ಇಲ್ಲ.

ನೀನು 'ನಿಜವಾದ ಮನುಷ್ಯರು' ಅಂತ ಹೆಸರಿಟ್ಟಿದ್ದೇನೆ ಅಂತ ಬರೆದ ದಿನವೇ ಹೇಳಬೇಕಿತ್ತು. ಡಾಕ್ಟರಿಗೆ ಥ್ಯಾಂಕ್ಸ್ ಬೇರೆ ಕಳಿಸಿದ್ದೆಯಲ್ಲ. ಅವರಿಗೆ ಹೇಳಿಯೂ ಹೇಳಿದೆ. ಯಾಕೆ ಅಂತ ಕೇಳದೆ ಪರವಾಗಿಲ್ಲ ಅಂದರು.

ಈ ಪತ್ರವನ್ನೇ ನಿಮ್ಮ ಮೇಷ್ಟ್ರಿಗೆ ತೋರಿಸು. ಮೇಷ್ಟ್ರೇ, ನಮ್ಮ ಹುಡುಗಿಗೆ ಮೋಸ ಗೊತ್ತಿಲ್ಲ. ಐದನೇ ಕ್ಲಾಸಿನಲ್ಲಿ ಪಕ್ಕದವಳ ಹಾಳೆ ನೋಡಿ ಬರೆ ಅಂತ ಕೊಟ್ಟರೂ ಕಣ್ಣು ಮುಚ್ಚಿಕೊಂಡು ಕೂತವಳು. ಮಾಡಿದ್ದು ನಾನು. ಇದು ಯಂತ್ರದ ಕೆಲಸ ಅಂತ ಐದು ಜನ ಕೂತು ತೀರ್ಮಾನ ಮಾಡಿದಿರಲ್ಲ, ಅದೊಂದು ನನಗೆ ಬೇಜಾರು. ಯಂತ್ರಕ್ಕೆ ಈ ವಯಸ್ಸಿನಲ್ಲಿ ಸೊಂಟ ನೋಯುತ್ತದೆಯೇ? ಇನ್ನು ನೀವು 'ಅಂದರೆ' ಅನ್ನುವುದಾದರೆ, ಅಂದರೆ ಇಷ್ಟೇ, ನನ್ನದು ತಪ್ಪಾಯಿತು.

ಕಡ್ಡಿ, ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟು ಬರೆದು ಕಳಿಸು. 'ಚೆನ್ನಾಗಿದೆ' ಮಾತ್ರ ಬರೆಯಬೇಡ.

ಚಿಕ್ಕಮ್ಮ

ಡಿಸೆಂಬರ್ ೧೭

ಚಿಕ್ಕಮ್ಮ,

ಸಿಟ್ಟು ಇತ್ತು. ಹಾಸಿಗೆ ಮೇಲೆ ಬೋರಲು ಬಿದ್ದು ಎರಡು ಪುಟ ಸಿಟ್ಟು ಬರೆದೆ. ಅದರಲ್ಲಿ ನೀನು ಹಲ್ಲು ಕಚ್ಚಿಕೊಂಡು ಬರೆದದ್ದರ ಮಾತು ಬಂದಾಗ ನಗು ಬಂತು, ಪತ್ರ ಹಾಳಾಯಿತು. ಪಕ್ಕದ ಮಂಚದವಳು ಓದಿ, "ಆದ್ದರಿಂದ ನಿಮ್ಮ ಚಿಕ್ಕಮ್ಮನ್ನ ನಾನು ನೋಡಲೇಬೇಕು" ಅಂದಳು. ಮೊದಲ ಸಲ ಅವಳ 'ಆದ್ದರಿಂದ'ದ ಮುಂದೆ ಏನಾದರೂ ಬಂತು.

ನಿನ್ನ ಪತ್ರ ಹಿಡಿದುಕೊಂಡು ಮೇಷ್ಟ್ರ ರೂಮಿಗೆ ಹೋದೆ. ಅವರು ಕಿಟಕಿಯ ಹತ್ತಿರ ನಿಂತು ಓದಿದರು. ಸೊಂಟದ ಸಾಲಿಗೆ ಬಂದಾಗ ಅವರ ಭುಜ ಕುಲುಕಿತು. ಕೆಮ್ಮು ಅಂದುಕೊಂಡೆ. ನಗುತ್ತಿದ್ದರು. ಈ ವಿಭಾಗದಲ್ಲಿ ಅದನ್ನು ನೋಡಿದವರು ಯಾರೂ ಇಲ್ಲ, ಹೇಳಿದರೆ ಯಾರೂ ನಂಬುತ್ತಲೂ ಇಲ್ಲ.

ಆಮೇಲೆ ಹೇಳಿದರು: "ಯಂತ್ರ ಮನುಷ್ಯನ ಹಾಗೆ ನಟಿಸಿದ್ರೆ ಹಿಡಿಯೋದು ಹೇಗೆ ಅಂತ ನಾನು ಇಷ್ಟು ವರ್ಷದಿಂದ ಪಾಠ ಮಾಡ್ತಿದೀನಿ. ಒಬ್ಬ ಹೆಂಗಸು ಹದಿನೆಂಟು ಜನರಾಗಿ ನಟಿಸಿದ್ಲು, ನಾವು ಐದು ಜನ ಅವಳನ್ನ ಯಂತ್ರ ಅಂದ್ವಿ. ತಪ್ಪು ಒಪ್ಪಿಕೋಬೇಕಾದವಳು ಅವಳೊಬ್ಬಳೇ ಅಲ್ಲ."

ಅಂದರೆ? ಅಂತ ನನ್ನ ಬಾಯಿಂದ ಬಂದುಬಿಟ್ಟಿತು ಚಿಕ್ಕಮ್ಮ. ಅವರ ಎದುರಿಗೇ.

ಅಂದರೆ, ಮೋಸದ ಮಾತು ಹೋಯಿತು. ಪಾಸು ಮಾತ್ರ ಆಗಿಲ್ಲ, ಮಾಡುವುದೂ ಇಲ್ಲ. ಕೆಟ್ಟ ಸಾಕ್ಷಿ ಕೆಟ್ಟದ್ದೇ ಅಂದರು. ಎಲ್ಲ ಉತ್ತರಗಳನ್ನೂ ಎಸೆದು, ರಜೆಯಲ್ಲಿ ನಾನೇ ಹೋಗಿ, ನಾನೇ ಕೇಳಿ, ಅವರು ಹೇಳಿದ್ದನ್ನು ನಾನೇ ಬರೆದುಕೊಂಡು ಬರಬೇಕು. ಫೆಬ್ರುವರಿಯಲ್ಲಿ ಮತ್ತೆ ರಿವ್ಯೂ, ಅದೇ ಐವರು. ನಿನ್ನ ವಿಷಯವನ್ನೂ ಬರೆಯಬೇಕಂತೆ. ಹೆಸರು ಹಾಕುವುದಿಲ್ಲ, 'ಒಬ್ಬ ಚಿಕ್ಕಮ್ಮ' ಅಂತ ಹಾಕುತ್ತೇನೆ.

ಇಪ್ಪತ್ತೆಂಟರ ಬೆಳಿಗ್ಗೆಯ ರೈಲಿಗೆ ಬರುತ್ತೇನೆ. ಪಾಠದ ಕಾರಿನ ಹಿಂದಿನ ಸೀಟು ನನಗೆ. ನೀನು ಮುಂದೆ ಕೂತು, ನಾನು ಕೇಳುವಾಗ ಬಾಯಿ ಮುಚ್ಚಿಕೊಂಡು ಇರಬೇಕು. ಡಾಕ್ಟರಿಗೆ ಇದು ಲೈಸೆನ್ಸಿಗೆ ಸಂಬಂಧವಿಲ್ಲ ಅಂತ ಬರೆದುಕೊಡಲು ನಾನು ತಯಾರು.

ಹೆದರಿಕೆ ಇರುವುದು ಅಮ್ಮನಿಗೆ ಮುಖ ತೋರಿಸುವುದಕ್ಕೆ. ಪಾಸಾದರೆ ಬರುತ್ತೇನೆ ಅಂದಿದ್ದೆ. ಪಾಸಾಗದೆ ಬರುತ್ತಿದ್ದೇನೆ. ಬರುತ್ತಾಳೆ ಅಂತ ಮಾತ್ರ ಹೇಳು. ಉಳಿದದ್ದನ್ನು ನಾನೇ ಹೇಳುತ್ತೇನೆ, ಧೈರ್ಯ ಬಂದರೆ.

ಕಡ್ಡಿ

ಡಿಸೆಂಬರ್ ೨೨

ಕಡ್ಡಿ,

ನೀನು ಹೇಳಿದ ಹಾಗೇ ಮಾಡಿದೆ. ನಿಮ್ಮಮ್ಮನಿಗೆ ಕಡ್ಡಿ ಇಪ್ಪತ್ತೆಂಟಕ್ಕೆ ಬರ್ತಾಳಂತೆ ಕಣೇ ಅಕ್ಕ ಅಂತ ಅಂದೆ. ಅದರ ಹಿಂದೆ ಮುಂದೆ ಒಂದು ಅಕ್ಷರ ಸೇರಿಸಲಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ.

ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನೀನು ಪಾಸಾದೆ ಅಂತ ಎದುರು ಮನೆಗೆ ಹೇಳಿದಳು, ಇಸ್ತ್ರಿಯವನಿಗೆ ಹೇಳಿದಳು. ಲ್ಯಾಬಿಗೆ ಹೋಗಿ, ರಕ್ತ ಕೊಡಲು ಕೈ ಚಾಚಿ ಕೂತವರಿಗೆಲ್ಲ ಸೂಜಿ ಹಿಡಿದುಕೊಂಡೇ ಹೇಳಿದಳಂತೆ. ಬೇಡ ಅನ್ನುವ ಧೈರ್ಯ ಯಾರಿಗಿದೆ. ನಿನಗೆ ಅಂತ ಇಟ್ಟಿದ್ದ ಕೌಂಟರಿನ ಕುರ್ಚಿಯಲ್ಲಿ ಅಂದೇ ಬೇರೆ ಹುಡುಗಿಯನ್ನು ಕೂರಿಸಿದಳು.

ಸಂಜೆ ನನಗೆ ತಡೆಯಲಾಗಲಿಲ್ಲ. ನಿನಗೆ ಧೈರ್ಯ ಬರುವುದು ಯಾವ ಕಾಲಕ್ಕೋ ಅಂತ ಪೂರ್ತಿ ಹೇಳಿಬಿಟ್ಟೆ, ಡಾಕ್ಟರಿಂದ ಹಿಡಿದು ನನ್ನ ಸೊಂಟದವರೆಗೆ. ಮುಖ ಗಂಟು ಹಾಕಿಕೊಂಡು ಕೇಳಿದಳು. ಮುಗಿದ ಮೇಲೆ, "ಪಾಸಾದ್ರೆ ಬರ್ತೀನಿ ಅಂದಿದ್ಲಲ್ಲ" ಅಂದಳು.

"ಅಂದಿದ್ಲು. ಪಾಸಾಗದಿದ್ರೆ ಬರಲ್ಲ ಅಂದಿದ್ಲಾ?"

ಎದ್ದು ಹೋಗಿ ಕ್ಯಾಲೆಂಡರ್ ನೋಡಿ ಬಂದಳು. ಆಮೇಲೆ, "ಇಷ್ಟು ತಿಳ್ಕೊಳೋಕೆ ಅಷ್ಟು ದೂರ ಹೋಗಿ ಓದ್ಬೇಕಿತ್ತಾ?" ಅಂದಳು.

ಕೌಂಟರಿನ ಹುಡುಗಿಯನ್ನು ಬೆಳಿಗ್ಗೆ ಕುರ್ಚಿಯಿಂದ ಎಬ್ಬಿಸುತ್ತಾಳೆ ಅಂದುಕೊಂಡೆ. ಎಬ್ಬಿಸಲಿಲ್ಲ. ಇಸ್ತ್ರಿಯವನಿಗೂ ಏನೂ ತಿದ್ದಿ ಹೇಳಿಲ್ಲ, ಫೆಬ್ರುವರಿ ಬರಲಿ ಅಂದಳು. ಇಪ್ಪತ್ತೆಂಟಕ್ಕೆ ರಜೆ ಹಾಕಿದ್ದಾಳೆ. ರೈಲು ಎಷ್ಟು ಹೊತ್ತಿಗೆ ಅಂತ ನನ್ನನ್ನು ಮೂರು ಸಲ ಕೇಳಿ ಆಯಿತು.

ನಿನಗೆ ಹೊಸದಾಗಿ ಉತ್ತರಗಳು ಬೇಕು ಅಂದೆಯಲ್ಲ. ಮೊದಲನೆಯದು ಬರೆದುಕೋ. ಕಡ್ಡಿ ಪಾಸಾದರೆ ಬರುತ್ತಾಳೆ. ಕಡ್ಡಿ ಬರುತ್ತಿದ್ದಾಳೆ. ಪಾಸಾದಳೇ? ರಕ್ತಪರೀಕ್ಷೆ ಲ್ಯಾಬಿನವಳು, ಹುಡುಗಿಯ ತಾಯಿ: ಪಾಸಾದಳು.

ಇದನ್ನು ನಾನು ಬರೆದದ್ದಲ್ಲ. ಬೇಕಾದರೆ ಸಹಿ ಹಾಕಿಸಿ ಕೊಡುತ್ತೇನೆ.

ಚಿಕ್ಕಮ್ಮ